ನಾಯಿಗೆ ಆಪರೇಷನ್ನಾ? ಉಣುಗಿನಿಂದ ಶುರು ಮಾಡಿ

ನಮ್ಮ ಚಿನ್ನಿಯ ಗರ್ಭಕೋಶ ತೆಗೆಸುವ ಆಪರೇಷನ್ ಎರಡು ಸಲ ಮುಂದಕ್ಕೆ ಹೋಯಿತು. ಒಂದು ಸಲ ಉಣುಗಿನ ದೆಸೆಯಿಂದ. ಇನ್ನೊಂದು ಸಲ, ‘ಪಾಪ, ಹಸಿದಿದೆ’ ಅಂತ ಅಪ್ಪ ಬೆಳಗಿನ ಜಾವ ಹಾಕಿದ ಎರಡು ಬಿಸ್ಕತ್ತಿನಿಂದ. ತೀರ್ಥಹಳ್ಳಿ ಕಡೆಯಿಂದ ಶಿವಮೊಗ್ಗಕ್ಕೆ ಹೋಗಿ ಸುಮ್ನೆ ವಾಪಸ್ ಬರುವುದೆಂದರೆ ಒಂದು ದಿನದ ಕೆಲಸ ಹಾಳು.

ಮೊದಲು ಉಣುಗಿನ ವಿಷಯ. ನಮ್ಮ ನಾಯಿಗಳು ತೋಟ, ಸೊಪ್ಪಿನ ಬೆಟ್ಟ ಎಲ್ಲಾ ಸುತ್ತಿ ಬರುತ್ತವೆ. ಉಣುಗು ಕಚ್ಚಿ ಎರ್ಲೀಕಿಯಾ ಸೋಂಕು ತಗುಲಿದರೆ ರಕ್ತ ಹೆಪ್ಪುಗಟ್ಟಿಸುವ ಪ್ಲೇಟ್‌ಲೆಟ್ ಕಣಗಳು ಇಳಿಯುತ್ತವೆ. ಎಷ್ಟೋ ಸಲ ನಾಯಿ ಊಟ ಮಾಡಿಕೊಂಡು, ಬಾಲ ಅಲ್ಲಾಡಿಸಿಕೊಂಡು ಆರಾಮಾಗೇ ಇರುತ್ತದೆ. ಕೊಯ್ದಾಗ ಮಾತ್ರ ರಕ್ತ ನಿಲ್ಲುವುದಿಲ್ಲ. ಅದಕ್ಕೇ ಒಂದು ವಾರ ಮೊದಲೇ ರಕ್ತ ಪರೀಕ್ಷೆ ಮಾಡಿಸಿ. ಡಾಕ್ಟರು ಹೇಳದಿದ್ದರೆ ನೀವೇ ಕೇಳಿ. ಊರಲ್ಲಿ ಸೌಲಭ್ಯ ಇಲ್ಲದಿದ್ದರೆ ಶಿವಮೊಗ್ಗದ ವಿನೋಬನಗರದಲ್ಲಿ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ವಿಚಾರಿಸಬಹುದು.

ಬೆದೆಗೆ ಬಂದದ್ದು ಯಾವಾಗ ಅಂತಲೂ ತಿಳಿಸಿ. ಆಗ ಗರ್ಭಕೋಶಕ್ಕೆ ರಕ್ತ ಜಾಸ್ತಿ ಹರಿಯುವುದರಿಂದ ಸಾಮಾನ್ಯವಾಗಿ ಎರಡು ಮೂರು ತಿಂಗಳು ಕಾಯುತ್ತಾರೆ. ತೂಕವನ್ನೂ ನೋಡಿಟ್ಟುಕೊಳ್ಳಿ. ಅರಿವಳಿಕೆಯ ಲೆಕ್ಕ ಅದರ ಮೇಲೇ. ನಾವು ಅಡಿಕೆ ತೂಗುವ ಕಾಟಾದ ಮೇಲೆ ನಿಲ್ಲಿಸಿದ್ದೆವು.

ಬೆಳಿಗ್ಗೆ ಆಪರೇಷನ್ ಇದ್ದರೆ ಹಿಂದಿನ ರಾತ್ರಿ ಹತ್ತರ ಮೇಲೆ ಏನೂ ತಿನ್ನಿಸಬೇಡಿ. ಮತ್ತಿನಲ್ಲಿದ್ದಾಗ ವಾಂತಿಯಾದರೆ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ನೀರು ಎಲ್ಲಿಯವರೆಗೆ ಕೊಡಬಹುದು ಅಂತ ಡಾಕ್ಟರನ್ನೇ ಕೇಳಿ. ಮರಿಗಳಿಗೆ ಇಷ್ಟು ಉಪವಾಸ ಬೇಡ, ಮೊಲವನ್ನಂತೂ ಉಪವಾಸ ಕೆಡವಲೇಬಾರದು. ಮನೆಯವರಿಗೆಲ್ಲ, ಮುಖ್ಯವಾಗಿ ಅಜ್ಜ ಅಜ್ಜಿಯರಿಗೆ, ಇದನ್ನು ಒತ್ತಿ ಹೇಳಿ!

ಮನೆಗೆ ಬಂದ ರಾತ್ರಿ ನಾಯಿ ತೂರಾಡುತ್ತದೆ, ಕುಂಯ್‌ಗುಡುತ್ತದೆ. ಗಂಟಲಿಗೆ ನಳಿಗೆ ಹಾಕಿರುವುದರಿಂದ ಒಂದೆರಡು ದಿನ ಕೆಮ್ಮಲೂಬಹುದು. ಅರಿವಳಿಕೆಯಿಂದ ಮೈ ತಣ್ಣಗಾಗುತ್ತದೆ, ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಬೆಚ್ಚಗಿನ ಮೂಲೆಯಲ್ಲಿ ಹಳೇ ಹತ್ತಿ ಸೀರೆ ಹಾಸಿ. ಗೋಣಿ ಬೇಡ, ಅದರ ನಾರು ಹೊಲಿಗೆಗೆ ಅಂಟುತ್ತದೆ. ಪೂರ್ತಿ ಎಚ್ಚರವಾದ ಮೇಲೆ ಸ್ವಲ್ಪ ಮೆತ್ತನೆಯ ಅನ್ನ ಕೊಟ್ಟರೆ ಸಾಕು. ಎರಡು ದಿನ ಕಕ್ಕಸು ಮಾಡದಿದ್ದರೆ ಗಾಬರಿ ಬೇಡ.

ನಿಜವಾದ ಕಷ್ಟ ಮೂರನೇ ದಿನದಿಂದ. ನೋವು ಇಳಿದು ಗೆಲುವಾಗಿರುತ್ತದೆ, ಹೊಲಿಗೆ ಇನ್ನೂ ಹಸಿ. ಬಚ್ಚಲೊಲೆಯ ಬೂದಿಯಲ್ಲಿ ಹೊರಳುವುದು ನಮ್ಮ ಕಡೆ ನಾಯಿಗಳ ಹಕ್ಕು ಅಲ್ವಾ? ಚಿನ್ನಿಯೂ ಸೀದಾ ಅಲ್ಲಿಗೇ ಓಡಿತು. ಬಚ್ಚಲಿನ ಬಾಗಿಲು ಹಾಕಿಡಿ. ಜಗಲಿಯಿಂದ ಹಾರಲು ಬಿಡಬೇಡಿ. ಮೂತ್ರಕ್ಕೂ ಹಗ್ಗ ಹಿಡಿದೇ ಕರೆದೊಯ್ಯಿರಿ, ಹುಲ್ಲಿಗೆ ಬಿಟ್ಟರೆ ಉಂಬಳ ಹತ್ತುತ್ತದೆ. ಗಾಯ ನೆಕ್ಕದಂತೆ ಕೊರಳಿಗೆ ಹಾಕಿದ ಕೋನ್ (ಆಲಿಕೆಯಂಥ ಪಟ್ಟಿ) ತೆಗೆಯಬೇಡಿ, ಐದು ನಿಮಿಷ ನೆಕ್ಕಿದರೆ ಹೊಲಿಗೆ ಬಿಚ್ಚಿಹೋಗುತ್ತದೆ. ಗಾಯಕ್ಕೆ ಅರಿಶಿನ, ಕೊಬ್ಬರಿ ಎಣ್ಣೆ ಯಾವುದೂ ಬೇಡ. ನೊಣ ಕೂತರೆ ಹುಳ ಬೀಳುತ್ತದೆ, ದಿನಕ್ಕೆ ಎರಡು ಸಲ ನೋಡಿ. ನೋವಿಗೆ ಮನೆಯಲ್ಲಿರುವ ಮಾತ್ರೆ ಕೊಡಲೇಬೇಡಿ. ಬೆಕ್ಕಿಗೆ ಪ್ಯಾರಸಿಟಮಾಲ್ ಪ್ರಾಣವನ್ನೇ ತೆಗೆಯುತ್ತದೆ.

10ರಿಂದ 14 ದಿನಕ್ಕೆ ಹೊಲಿಗೆ ಬಿಚ್ಚುತ್ತಾರೆ. ಅಲ್ಲಿಯವರೆಗೆ ಸ್ನಾನವಿಲ್ಲ.

ಒಸಡು ಬಿಳಿಚಿಕೊಂಡರೆ, ರಕ್ತ ತೊಟ್ಟಿಕ್ಕುತ್ತಲೇ ಇದ್ದರೆ, ಗಾಯದಿಂದ ಕೀವು ಅಥವಾ ಕೆಟ್ಟ ವಾಸನೆ ಬಂದರೆ, ಒಂದು ದಿನ ಕಳೆದರೂ ತುತ್ತು ಮುಟ್ಟದಿದ್ದರೆ ಬೆಳಗಾಗಲಿ ಅಂತ ಕಾಯಬೇಡಿ. ಮಳೆಗಾಲದಲ್ಲಿ ಕರೆಂಟ್ ಹೋದರೆ ನಮ್ಮಲ್ಲಿ ಟವರೂ ಹೋಗುತ್ತದೆ. ಹತ್ತಿರದ ಪಶುವೈದ್ಯರ ಮನೆ ಎಲ್ಲಿದೆ ಅಂತ ಮೊದಲೇ ಕೇಳಿಟ್ಟುಕೊಂಡಿರಿ.