‘ಅವನಿಗೆ ಓದು ಹತ್ತಲ್ಲ’ ಅನ್ನುವ ಮೊದಲು: ಶಿಕ್ಷಕರಿಗೆ

ತೀರ್ಥಹಳ್ಳಿ, ಹೊಸನಗರ ಕಡೆಯ ಶಾಲೆಗಳಲ್ಲಿ ಹಳ್ಳ ದಾಟಿ ಬರುವ ಮಕ್ಕಳು ಜುಲೈನಲ್ಲಿ ಗೈರು. ಅಡಿಕೆ ಸುಲಿಯುವ ಕಾಲಕ್ಕೆ ಮತ್ತೆ ಅವರಲ್ಲೇ ಕೆಲವರು ಗೈರು. ವರ್ಷ ಮುಗಿಯುವಷ್ಟರಲ್ಲಿ ‘ದಡ್ಡ’ ಅನ್ನುವ ಹಣೆಪಟ್ಟಿ ಅಂಟಿರುತ್ತದೆ.

ಮೊದಲು ಹಾಜರಿಯಿಂದ ಶುರು ಮಾಡಿ. ಬೇರೊಂದು ನೋಟ್‌ಬುಕ್ಕಿನಲ್ಲಿ ಗೈರಿನ ಕಾರಣ (ಮಳೆ, ಕೆಲಸ, ಜ್ವರ) ಮತ್ತು ಅಂದು ತಪ್ಪಿದ ಪಾಠ ಬರೆಯಿರಿ. ‘ಗಣಿತ ಬರಲ್ಲ’ ಅನ್ನುವುದು ‘ಭಿನ್ನರಾಶಿಯ ಮೂರು ಪಾಠ ತಪ್ಪಿದೆ’ ಎಂದಾಗುತ್ತದೆ. ಮೂರು ಪಾಠ ಕಲಿಸಬಹುದು. ದಡ್ಡತನಕ್ಕೆ ಏನು ಮಾಡುತ್ತೀರಿ?

ಆಮೇಲೆ ಸಹೋದ್ಯೋಗಿಯನ್ನು ಒಂದು ಪೀರಿಯಡ್ ಹಿಂದೆ ಕೂರಿಸಿ. ಯಾರು ಎಲ್ಲಿ ಕೂತಿದ್ದಾರೆಂಬ ನಕ್ಷೆಯಲ್ಲಿ, ನೀವು ಪ್ರಶ್ನೆ ಕೇಳಿದ ಮಗುವಿನ ಹೆಸರಿಗೆ ಗೀಟು ಹಾಕಲಿ, ಉತ್ತರಕ್ಕೆ ಎಷ್ಟು ಸೆಕೆಂಡು ಕಾದಿರೆಂದೂ ಬರೆಯಲಿ. ಜಾಣರಿಗೆ ಕಾಯುತ್ತೇವೆ, ಸುಳಿವು ಕೊಡುತ್ತೇವೆ. ಉಳಿದವರನ್ನು ಒಂದೇ ಸೆಕೆಂಡಿಗೆ ‘ಕೂತ್ಕೋ’ ಅನ್ನುತ್ತೇವೆ. ನಾಲ್ಕು ಸಲ ಹಾಗಾದರೆ ಮಗು ಕೈ ಎತ್ತುವುದನ್ನೇ ಬಿಡುತ್ತದೆ, ನಾವು ಅದನ್ನೇ ಸಾಕ್ಷಿ ಮಾಡಿಕೊಳ್ಳುತ್ತೇವೆ. ಎಲ್ಲರಿಗೂ ಕನಿಷ್ಠ 3 ಸೆಕೆಂಡು ಕಾಯಿರಿ. ತರಗತಿಯಲ್ಲಿ ಅದು ತುಂಬ ದೀರ್ಘ ಅನ್ನಿಸುತ್ತದೆ, ಅದಕ್ಕೇ ಮನಸ್ಸಿನಲ್ಲೇ ಎಣಿಸಬೇಕು.

ಅಮೆರಿಕದ ರೊಸೆಂಥಾಲ್ ಮತ್ತು ಜೇಕಬ್‌ಸನ್ 1968ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಯಾದೃಚ್ಛಿಕವಾಗಿ ಆರಿಸಿದ ಸುಮಾರು 20% ಮಕ್ಕಳನ್ನು ‘ಇವರು ಚಿಗುರುತ್ತಾರೆ’ ಎಂದು ಶಿಕ್ಷಕರಿಗೆ ಹೇಳಲಾಗಿತ್ತು. ಆ ಮಕ್ಕಳ ಬುದ್ಧಿಮತ್ತೆ ಪರೀಕ್ಷೆಯ ಅಂಕ ಉಳಿದವರಿಗಿಂತ ಹೆಚ್ಚು ಏರಿತು. ಈ ಪರಿಣಾಮ ಎದ್ದು ಕಂಡದ್ದು 1, 2ನೇ ತರಗತಿಯಲ್ಲಿ. ಅದರ ಗಾತ್ರದ ಬಗ್ಗೆ ಆಮೇಲೆ ಸಾಕಷ್ಟು ಜಗಳವಾಗಿದೆ, ಆದರೂ ನಲಿ-ಕಲಿ ಹಂತದಲ್ಲಿ (1ರಿಂದ 3ನೇ ತರಗತಿಯ ಚಟುವಟಿಕೆ ಆಧಾರಿತ ಕಲಿಕೆ) ಹೆಚ್ಚು ಎಚ್ಚರ ಬೇಕು. ನಲಿ-ಕಲಿ ತಟ್ಟೆ, ಅಂದರೆ ಮಕ್ಕಳು ಕೂರುವ ಗುಂಪು, ಆ ಹೊತ್ತಿನ ಕೆಲಸಕ್ಕೆ, ಮಗುವಿಗಲ್ಲ. ಯಾವ ತಟ್ಟೆಗೆ ಯಾವತ್ತು ಬಂತೆಂದು ಬರೆದಿಡಿ. ಎರಡು ವಾರ ಅಲ್ಲೇ ಇದ್ದರೆ ಕಲಿಸುವ ರೀತಿ ಬದಲಿಸಿ.

ಕೆಲಸ ಹಂಚುವುದನ್ನೂ ನೋಡಿ. ಆಗಸ್ಟ್ 15ಕ್ಕೆ ಮೈಕ್ ಯಾರಿಗೆ, ಕಸ ಗುಡಿಸಲು ಯಾರು? ಪಾಳಿ ಹಚ್ಚಿ.

ಎಸ್‌ಎಸ್‌ಎಲ್‌ಸಿ ಹೊತ್ತಿಗೆ ‘ನಿಧಾನ ಕಲಿಕೆಯವರು’ ಎಂದು ಹೆಸರು ಕೂಗಿ ಕರೆದರೆ ಪರಿಹಾರ ಬೋಧನೆ ಅಲ್ಲೇ ಕೆಟ್ಟಿತು. ‘ಸಂಜೆ ತ್ರಿಕೋನಮಿತಿ ಇದೆ’ ಅನ್ನಿ, ಬೇಕಾದ ಜಾಣರೂ ಬರಲಿ. ‘ನೀನು ಬುದ್ಧಿವಂತ’ ಅನ್ನುವುದೂ ಹಣೆಪಟ್ಟಿಯೇ: ಆ ಹೆಸರು ಹೋದೀತೆಂದು ಮಗು ಕಷ್ಟದ ಲೆಕ್ಕ ಮುಟ್ಟುವುದಿಲ್ಲ.

ಹಣೆಪಟ್ಟಿಗೆ ಸೆಡ್ಡು ಹೊಡೆದು ಓದುವವರೂ ಇದ್ದಾರೆ. ಮೇಷ್ಟ್ರನ್ನು ಓಲೈಸದ ಆ ಮಕ್ಕಳನ್ನು ‘ಸೊಕ್ಕು’ ಎಂದು ಬರೆಯಬೇಡಿ.

ಮುಂದಿನ ತರಗತಿಯ ಶಿಕ್ಷಕರಿಗೆ ಗುಣವಿಶೇಷಣವಿಲ್ಲದ ಎರಡು ಸಾಲು ಸಾಕು: ‘ಎರಡಂಕಿ ಗುಣಾಕಾರ ಮಾಡುತ್ತಾಳೆ. ಭಾಗಾಕಾರದಲ್ಲಿ ಶೇಷ ಬಂದರೆ ನಿಲ್ಲುತ್ತಾಳೆ.’