ಡಿಗ್ರಿ ಮುಗಿದವರು ಈ ಎರಡು ಅರ್ಜಿ ಮರೆಯಬೇಡಿ

ಸಿಂಧನೂರು ಕಡೆಯ ತಮ್ಮಂದಿರೇ, ತಂಗಿಯರೇ, ಓದು ಮುಗಿದ ಮೇಲೂ ರೀಚಾರ್ಜಿಗೆ, ಬಸ್ ಚಾರ್ಜಿಗೆ ಅಪ್ಪನ ಮುಂದೆ ನಿಲ್ಲೋದು ಕಷ್ಟ ಅಲ್ವಾ. ನಮ್ಮಪ್ಪ ಭತ್ತ ಮಾರಿ, ಗೊಬ್ಬರದ ಅಂಗಡಿ ಸಾಲ ತೀರಿಸಿ, ಉಳಿದಿದ್ದರಲ್ಲಿ ಒಂದು ಐನೂರರ ನೋಟನ್ನು ಅಂಗಿ ಜೇಬಿನಿಂದ ತೆಗೆದು ಮಾತಾಡದೆ ನನ್ನ ಕೈಗಿಡುತ್ತಿದ್ದರು. ಅದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ.

ಪಾಸಾಗಿ 180 ದಿನ ಆದರೂ ಕೆಲಸ ಇಲ್ಲ, ಮುಂದೆ ಓದುತ್ತಲೂ ಇಲ್ಲ ಅಂದ್ರೆ ಸರ್ಕಾರದ ಸೇವಾ ಸಿಂಧು ವೆಬ್‌ಸೈಟಿನಲ್ಲಿ ಯುವನಿಧಿಗೆ, ಅಂದ್ರೆ ಕೆಲಸ ಸಿಗದವರಿಗೆ ರಾಜ್ಯ ಸರ್ಕಾರ ಕೊಡೋ ಭತ್ಯೆಗೆ, ಅರ್ಜಿ ಹಾಕಿ. ಡಿಗ್ರಿಯವರಿಗೆ ತಿಂಗಳಿಗೆ 3000, ಡಿಪ್ಲೊಮಾದವರಿಗೆ 1500 ರೂಪಾಯಿ. ಹೆಚ್ಚೆಂದರೆ 2 ವರ್ಷ, ಅಷ್ಟೇ. ಹಾಗೇ 371(ಜೆ) ಪ್ರಮಾಣಪತ್ರ ಈಗಲೇ ಮಾಡಿಸಿಡಿ, ನಮ್ಮ ಕಲ್ಯಾಣ ಕರ್ನಾಟಕ ಭಾಗಕ್ಕೆ ಮೀಸಲಿಟ್ಟ ಸರ್ಕಾರಿ ಹುದ್ದೆಗೆ ಅದು ಬೇಕೇ ಬೇಕು, ಕೊನೇ ದಿನ ಓಡಾಡಿದ್ರೆ ಆಗಲ್ಲ.

ಮನೆಯಿಂದ ತಗೊಂಡ ದುಡ್ಡನ್ನು ಒಂದು ನೋಟ್‌ಬುಕ್ಕಿನಲ್ಲಿ ತಾರೀಖು ಹಾಕಿ ಬರೆದಿಡಿ. ನಾನು ಬರೆಯೋಕೆ ಶುರು ಮಾಡಿದ ತಿಂಗಳೇ ಕೇಳೋದು ಕಡಿಮೆ ಆಯ್ತು.