ಇಂಗಿತೇ, ಹಬ್ಬಿತೇ, ಹಾಸುಹೊಕ್ಕಾಯಿತೇ?

ಇಂಗ್ಲಿಷ್ ಪ್ರಬಂಧವೊಂದನ್ನು ಅನುವಾದಿಸುತ್ತಿದ್ದಾಗ ‘ಪರ್ಮಿಯೇಟ್’ ಎಂಬ ಕ್ರಿಯಾಪದ ನನ್ನನ್ನು ಮೂರು ದಿನ ಕಾಡಿತು. ಜಾತಿ ನಮ್ಮ ದಿನನಿತ್ಯದ ಬದುಕಿನೊಳಗೆಲ್ಲ ಸೇರಿಕೊಂಡಿದೆ ಎಂಬುದು ವಾಕ್ಯದ ಆಶಯ. ಲ್ಯಾಟಿನ್ ಮೂಲದಲ್ಲಿ ಆ ಪದಕ್ಕೆ ‘ಒಳಗಿನಿಂದ ಹಾದು ಸಾಗು’ ಎಂಬರ್ಥ. ಹಾಗಾಗಿ ಮಣ್ಣಿಗಿಳಿಯುವ ನೀರು ನೆನಪಾಯಿತು. ‘ಜಾತಿ ನಮ್ಮ ಬದುಕಿನಲ್ಲಿ ಇಂಗಿದೆ’ ಎಂದು ಬರೆದು ಖುಷಿಪಟ್ಟೆ.

ಕರಡು ತಿದ್ದುವ ಹಿರಿಯರು ಅಂಚಿನಲ್ಲಿ ಒಂದೇ ಸಾಲು ಬರೆದಿದ್ದರು: ‘ಹಾಗಾದರೆ ಜಾತಿ ಹೋಯಿತೇ?’

ಅವರು ಕೇಳಿದ್ದು ಸರಿಯಾಗಿತ್ತು. ಇಂಗುಗುಂಡಿಯ ನೀರು ಕಣ್ಣಿಗೆ ಕಾಣದಂತಾಗುತ್ತದೆ. ಹಸಿವು ಇಂಗಿತು, ದಾಹ ಇಂಗಿತು ಎಂದರೆ ತಣಿಯಿತು ಎಂದೇ ಅರ್ಥ. ನಾನು ಹೇಳಬೇಕಾದುದರ ನೇರ ವಿರುದ್ಧವನ್ನು ಬರೆದಿದ್ದೆ.

‘ಹಬ್ಬಿದೆ’ ಎಂದು ತಿದ್ದಿ ನೋಡಿದೆ. ಮಲ್ಲಿಗೆ ಬಳ್ಳಿ ಚಪ್ಪರಕ್ಕೆ ಹಬ್ಬುತ್ತದೆ, ಸುದ್ದಿ ಊರೆಲ್ಲ ಹಬ್ಬುತ್ತದೆ. ನಿಧಾನವಾಗಿ ಬೆಳೆಯುವ ಭಾವವೇನೋ ಇದೆ, ಆದರೆ ಬಳ್ಳಿಯನ್ನು ಕಿತ್ತರೂ ಚಪ್ಪರ ಚಪ್ಪರವಾಗಿಯೇ ಉಳಿಯುತ್ತದೆ. ‘ಆವರಿಸಿದೆ’ ಎಂದರೆ ಹೊರಗಿನಿಂದ ಬಂದು ಕವಿದಂತೆ. ‘ವ್ಯಾಪಿಸಿದೆ’ ತಪ್ಪಲ್ಲ, ಆದರೆ ಸರ್ಕಾರಿ ವರದಿಯ ವಾಸನೆ ಹೊಡೆಯುತ್ತದೆ. ತರ್ಕಶಾಸ್ತ್ರದಲ್ಲಿ ಹೊಗೆಗೂ ಬೆಂಕಿಗೂ ಇರುವ ವ್ಯಾಪ್ತಿಯನ್ನು, ಅಂದರೆ ಹೊಗೆಯಿದ್ದಲ್ಲೆಲ್ಲ ಬೆಂಕಿ ಇದ್ದೇ ಇರುತ್ತದೆ ಎಂಬ ತಪ್ಪದ ನಂಟನ್ನು, ಓದಿದವರಿಗೆ ಆ ಪದದ ಗಟ್ಟಿತನ ಗೊತ್ತು. ಈಗ ಅದು ಸವೆದಿದೆ.

ಕೊನೆಗೆ ಸಿಕ್ಕಿದ್ದು ‘ಹಾಸುಹೊಕ್ಕು’. ನೂರಾರು ಬಾರಿ ಬರೆದಿದ್ದ ಪದವೇ, ಆದರೆ ಇಳಕಲ್ಲಿನಲ್ಲಿ ಮಗ್ಗದ ಪಕ್ಕ ಕುಳಿತು ನೋಡಿದ್ದು ಆಗ ನೆನಪಾಯಿತು. ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಲಾಳಿ ಅಡ್ಡಕ್ಕೆ ಒಯ್ಯುವ ಎಳೆ ಹೊಕ್ಕು. ಒಂದನ್ನು ಎಳೆದು ತೆಗೆದರೆ ಉಳಿಯುವುದು ಬಟ್ಟೆಯಲ್ಲ, ನೂಲು. ಜಾತಿಯ ಬಗ್ಗೆ ಆ ಲೇಖಕ ಹೇಳಲು ಹೊರಟಿದ್ದೂ ಅದನ್ನೇ. ಒಂದು ಕೊರತೆಯೆಂದರೆ, ‘ಮೆಲ್ಲಮೆಲ್ಲನೆ’ ಎಂಬ ಭಾವ ಆ ಪದದಲ್ಲಿಲ್ಲ. ಅದಕ್ಕೆ ‘ಎಳೆಎಳೆಯಾಗಿ’ ಎಂದು ಸೇರಿಸಿದೆ. ಮೊಬೈಲ್‌ನಿಂದ ಕ್ರಿಕೆಟ್‌ವರೆಗೆ ಎಲ್ಲವೂ ಹಾಸುಹೊಕ್ಕಾಗಿರುವ ಈ ಕಾಲದಲ್ಲಿ ಪದವನ್ನು ಮಗ್ಗಕ್ಕೆ ಮರಳಿಸಲು ಅಷ್ಟಾದರೂ ಬೇಕಿತ್ತು.

ಎರಡು ಪುಟಗಳ ನಂತರ ಅದೇ ಕ್ರಿಯಾಪದ ಮತ್ತೆ ಬಂತು. ಈ ಸಲ ಒಲೆಯ ಹೊಗೆ, ಒಣಹಾಕಿದ ಬಟ್ಟೆ. ನಿಘಂಟು ತೆರೆಯಲಿಲ್ಲ. ‘ಬಟ್ಟೆಗಳೆಲ್ಲ ಹೊಗೆ ವಾಸನೆ ಹಿಡಿದಿದ್ದವು’ ಎಂದು ಬರೆದು ಮುಂದೆ ಹೋದೆ.